ಕತ್ತಿಯವರೆಯ ನೇತ್ರಾವತಿ

ನೇತ್ರಾವತಿಯವರು ನಡೆಯುವಾಗ ಮೈ ತುಸು ಎಡಕ್ಕೆ ವಾಲಿರುತ್ತದೆ; ಅದು ಕಾಲಿನ ದೋಷವಲ್ಲ, ಕೋಟಿನ ಭಾರ. ತಂದೆ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದಾಗ ತೊಡುತ್ತಿದ್ದ ಆ ಕಂದು ಉಣ್ಣೆಯ ಕೋಟಿನ ಎಡಜೇಬಿನ ತುಂಬ ಸದಾ ಕತ್ತಿಯವರೆ ಬೀಜ. ಮಗ್ಗೆ ಊರಿನ ಬೇಲಿಯ ಮೇಲೆ ಕತ್ತಿಯಂಥ ಉದ್ದನೆಯ ಕಾಯಿ ಜೋತಾಡುವುದು ಕಂಡರೆ, ಹೊರಟ ಬಸ್ಸನ್ನಾದರೂ ಬಿಟ್ಟಾರು, ಬೀಜ ಬಿಡಿಸಿಕೊಳ್ಳದೆ ಮುಂದೆ ಹೆಜ್ಜೆಯಿಡರು.

ಸಕಲೇಶಪುರದ ಕಾಲೇಜೊಂದರಲ್ಲಿ ಜೀವರಸಾಯನ ಕಲಿಸುವ ಇವರ ಪ್ರೀತಿಯೆಲ್ಲ ಆ ಬೀಜದೊಳಗಿನ ಲೆಕ್ಟಿನ್ ಎಂಬ ಪ್ರೋಟೀನಿನ ಮೇಲೆ. ತನಗೆ ಒಗ್ಗುವ ಸಕ್ಕರೆ ಜೀವಕೋಶದ ಮೈಮೇಲೆ ಅಡಗಿದ್ದರೂ ಗುರುತಿಸಿ ಅಪ್ಪಿಕೊಳ್ಳುವುದು ಅದರ ಸ್ವಭಾವ. ಅದಕ್ಕೇ ಕೋಶಕೋಶಗಳ ಭೇದ ತಿಳಿಯಲು ದೊಡ್ಡ ಪ್ರಯೋಗಾಲಯಗಳು ಅದನ್ನು ಪುಟ್ಟ ಸೀಸೆಗಳಲ್ಲಿ ತರಿಸುತ್ತವೆ. "ಬೇಲಿ ಮೇಲೆ ಬೆಳೆಯೋದನ್ನ ವಿಮಾನದಲ್ಲಿ ತರಿಸ್ತಾರಲ್ಲ ಮಾರಾಯ್ರೆ!" ಎಂದು ಇವರು ನಗುತ್ತಾರೆ. ಬಸ್ಸಿನ ಬ್ರೇಕಾಗಲಿ, ಗೆಳತಿಯ ಮಗಳಿಗೆ ಬಂದ ಸಂಬಂಧವಾಗಲಿ, ಇವರು ಕೇಳುವುದು ಒಂದೇ: "ಹಿಡೀತಾ, ಬಿಡ್ತಾ?"

ಕಳೆದ ವರ್ಷ ಪ್ರಾಂಶುಪಾಲ ರಾಜಶೇಖರ್ ಇವರ ಪ್ರಯೋಗಶಾಲೆಯನ್ನು ಆಟದ ಸಾಮಾನಿನ ಸ್ಟೋರ್ ಮಾಡಲು ಹೊರಟಿದ್ದರು. ತಪಾಸಣೆಗೆಂದು ವಿಶ್ವವಿದ್ಯಾಲಯದ ತನುಜಾ ಬಂದು, ಒಂದು ಪ್ರಯೋಗ ನೋಡಿ ಮೆಚ್ಚಿದರಷ್ಟೇ ಕೋಣೆ ಉಳಿಯುವುದು. ಅವರು ಬರುವ ಹಿಂದಿನ ರಾತ್ರಿ ನೇತ್ರಾವತಿ ಬೀಜ ರುಬ್ಬಿ, ಉಪ್ಪುನೀರಿನಲ್ಲಿ ಕದಡಿ, ಸಾರ ಇಳಿಯಲೆಂದು ಅಡುಗೆಮನೆಯ ಚೊಂಬಿನಲ್ಲಿಟ್ಟು ಮಲಗಿದರು. ಬೆಳಿಗ್ಗೆ ಸೋಸಿಕೊಂಡು ಕಾಲೇಜಿಗೆ ಓಡಿದರು.

ಬೇಕರಿಯ ಯೀಸ್ಟನ್ನು ನೀರಿನಲ್ಲಿ ಕದಡಿದರೆ ಹಾಲಿನಂತಾಗುತ್ತದೆ. ಬೀಜದ ಸಾರ ಬಿದ್ದೊಡನೆ ಲೆಕ್ಟಿನ್ ಯೀಸ್ಟಿನ ಮೈಮೇಲಿನ ಸಕ್ಕರೆಯನ್ನು ಹಿಡಿದು, ಹಾಲು ಒಡೆದಂತೆ ಗಂಟುಗಂಟಾಗಬೇಕು. ತನುಜಾ, ರಾಜಶೇಖರ್ ಇಬ್ಬರ ಮುಂದೆಯೇ ಸುರಿದರು, ಕಾದರು. ಬಿಳುಪು ಬಿಳುಪಾಗಿಯೇ ನಿಂತಿತು.

"ಹಿಡೀಲಿಲ್ವಲ್ಲ ಮೇಡಂ," ಎಂದರು ರಾಜಶೇಖರ್. "ಕೇರಂ ಬೋರ್ಡ್ ತರಿಸ್ಲಾ?"

ನೇತ್ರಾವತಿ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದರು, ಮೂಸಿದರು, ಆಮೇಲೆ ಮನೆಗೆ ಫೋನು ಹಚ್ಚಿದರು. "ಅತ್ತೆ, ನನ್ನ ಚೊಂಬು ಏನಾದ್ರೂ ಮುಟ್ಟಿದ್ರಾ?"

"ಹೂಂ ಕಣೆ," ಬೆಟ್ಟಮ್ಮನವರ ದನಿ ಕೋಣೆಗೆಲ್ಲ ಕೇಳಿಸಿತು. "ನೀನು ಕಾಳಿನ ಸಾರು ಹಂಗೇ ಬುಟ್ಟು ಮಲಗ್ಬುಟ್ಟಿದ್ದೆ. ಹಳಸೋಯ್ತದೆ ಅಂತ ಒಂದು ಕುದಿ ಕುದಿಸಿಟ್ಟೆ. ರುಚೀನೇ ಇಲ್ಲ, ಎಂಥ ಸಾರೇ ಅದು?"

ಬೇರೆ ಯಾರಾಗಿದ್ದರೂ ಕುಸಿದು ಕೂರುತ್ತಿದ್ದರು. ಇವರ ಮುಖ ಅರಳಿತು. "ಕುದ್ದುಬಿಟ್ಟಿದೆ! ಬಿಸಿಗೆ ಲೆಕ್ಟಿನ್ ರೂಪ ಕೆಡುತ್ತೆ, ಆಮೇಲೆ ಎಲ್ಲಿಂದ ಹಿಡಿಯುತ್ತೆ?" ಎನ್ನುತ್ತ ಎಡಜೇಬನ್ನು ಮೇಜಿನ ಮೇಲೆ ಬರಿದುಮಾಡಿದರು. ಹಸಿಬೀಜ ಕುಟ್ಟಿ, ಉಪ್ಪುನೀರು ಬೆರೆಸಿ, ಕಾಫಿ ಸೋಸುವ ಬಟ್ಟೆಯಲ್ಲಿ ಸೋಸಿ ಯೀಸ್ಟಿನ ಇನ್ನೊಂದು ಕೊಳವೆಗೆ ಹೊಯ್ದರು. ಎಲ್ಲರೂ ಕಾಫಿ ಕುಡಿದು ಲೋಟ ಇಡುವಷ್ಟರಲ್ಲಿ ಹಾಲು ಒಡೆದು ಗಂಟುಗಳು ತಳ ಸೇರಿದ್ದವು. ಅದಕ್ಕೆ ಬಿಸಿಲೆ ಕಾಡಿನ ಜೇನು ಸುರಿದು ಕುಲುಕಿದರು. ಬೇಕಾದಷ್ಟು ಸಕ್ಕರೆ ಜೇನಿನಲ್ಲೇ ಸಿಕ್ಕಿದ್ದೇ ತಡ, ಲೆಕ್ಟಿನ್ ಯೀಸ್ಟಿನ ಕೈಬಿಟ್ಟಿತು, ನೀರು ಮತ್ತೆ ಬೆಳ್ಳಗಾಯಿತು.

ತನುಜಾ ನಕ್ಕರು. "ಹೋಲಿಸಿ ನೋಡೋಕೆ ಕುದಿಸಿದ್ದನ್ನೂ ತೋರಿಸಿ ಅಂತ ನಾನೇ ಕೇಳೋಳಿದ್ದೆ. ನಿಮ್ಮತ್ತೆ ಮೊದಲೇ ಮಾಡಿಟ್ಟಿದ್ದಾರೆ. ಸರ್, ಕೇರಂ ಬೋರ್ಡಿಗೆ ಬೇರೆ ಜಾಗ ನೋಡಿ."

ಸಂಜೆ ಬೆಟ್ಟಮ್ಮ ಬಾಗಿಲಲ್ಲೇ ಕೇಳಿದರು: "ಏನೇ, ಹಿಡೀತಾ, ಬಿಡ್ತಾ?"

"ಹಿಡೀತು ಅತ್ತೆ. ನಾಳೆಯಿಂದ ಚೊಂಬು ಮಾತ್ರ ಕಾಲೇಜಲ್ಲೇ."

ಕೆಲಸ ಕೆಟ್ಟಾಗ ಕೆಡಿಸಿದವರನ್ನು ಹುಡುಕುವವರೇ ಲೋಕದಲ್ಲಿ ಹೆಚ್ಚು. ಕೆಟ್ಟಿದ್ದು ಹೇಗೆಂದು ಮಕ್ಕಳಂತೆ ಬಗ್ಗಿ ನೋಡುವವರು ಎಲ್ಲೋ ಒಬ್ಬಿಬ್ಬರು. ಅಂಥವರ ಜೇಬು ಎಷ್ಟೇ ಭಾರವಾಗಿರಲಿ, ಅವರ ಜೊತೆ ನಡೆಯುವವರಿಗೆ ದಾರಿ ಹಗುರ.