ಗುದ್ದಕ್ಕನ ನಿದ್ದೆ

ಸಮ್ಮಟಿಗೆ ಎತ್ತಿ ಬಡಿಯುವುದರಲ್ಲಿ ಅವಳಿಗೆ ಸಾಟಿ ಇರಲಿಲ್ಲ. ಅದಕ್ಕೇ ಬೀದಿಯವರೆಲ್ಲ ಗುದ್ದಕ್ಕ ಎನ್ನುತ್ತಿದ್ದರು. ಗಂಡ ಕಮ್ಮಾರ. ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು ಅವನು ಸಣ್ಣ ಸುತ್ತಿಗೆಯಿಂದ ಎಲ್ಲಿ ತಟ್ಟುತ್ತಾನೋ ಅಲ್ಲಿಗೇ ಅವಳ ಏಟು ಬೀಳಬೇಕು. ಕಬ್ಬಿಣವಿಟ್ಟು ಬಡಿಯುವ ಅಡಿಗಲ್ಲಿನ ಅಂಚಿಗೆ ಅವನು ಟಕಟಕ ಎನಿಸಿದರೆ ಏಟು ನಿಲ್ಲಬೇಕು. ಮಾತಿಲ್ಲ, ಕತೆಯಿಲ್ಲ. ಹಾಗೆ ದುಡಿದೇ ಇಬ್ಬರ ತಲೆಯೂ ನರೆತಿತ್ತು.

ಮುಟ್ಟು ನಿಲ್ಲುವ ಕಾಲ ಬಂತು ನೋಡಿ, ಕುಲುಮೆ ಅವಳ ಮೈಯೊಳಗೇ ಹೊತ್ತಿಕೊಂಡಿತು. ಮಲಗಿದರೆ ಎದೆಯಿಂದ ಬೆಂಕಿ ಎದ್ದು ಕುತ್ತಿಗೆಗೆ, ಕಿವಿಗೆ ಏರುವುದು. ಬೆವರಿಗೆ ಹಾಸಿಗೆ ತೊಯ್ಯುವುದು. ಕಣ್ಣಿಗೆ ನಿದ್ದೆ ಹತ್ತದು. ಆಸ್ಪತ್ರೆಯಲ್ಲಿ ನರ್ಸಾಗಿದ್ದ ನಾದಿನಿ ಹೇಳಿದಳು:

“ಇದು ಕಾಯಿಲೆ ಅಲ್ಲ ಅತ್ತಿಗೆ. ಹಾಗಂತ ಹಲ್ಲು ಕಚ್ಕೊಂಡು ಇರೋದೂ ಬೇಡ. ಮಧ್ಯಾಹ್ನದ ಮೇಲೆ ಕಾಫಿ ಬಿಡಿ. ತೆಳ್ಳಗಿನ ಹತ್ತಿ ಬಟ್ಟೆ ಹಾಕ್ಕೊಳ್ಳಿ. ಉರಿ ಏರೋವಾಗ ಹೊಟ್ಟೆ ತುಂಬ ಉಸಿರೆಳ್ದು ನಿಧಾನಕ್ಕೆ ಬಿಡಿ. ಮುಖ್ಯವಾಗಿ ಆ ಕೋಣೆ ಕಿಟಕಿ ತೆಗೀರಿ. ಅದೇನು ಕೋಣೆನೋ ಒಲೆನೋ!”

ಕಾಫಿ ಬಿಟ್ಟಳು. ಬಟ್ಟೆ ಬದಲಿಸಿದಳು. ಉಸಿರು ಬಿಗಿಹಿಡಿಯದೆ ಬಿಡುವುದನ್ನು ಕಲಿತ ಮೇಲೆ ಉರಿಯ ಕಾವೂ ತುಸು ಇಳಿಯಿತು. ಕಿಟಕಿ ಮಾತ್ರ ತೆರೆಯಲಿಲ್ಲ. ಕಮ್ಮಾರ ಚಿಕ್ಕವನಿದ್ದಾಗ ಅದೇ ಕಿಟಕಿಯಿಂದ ನುಗ್ಗಿದ ಕಳ್ಳರು ಅವನ ಕಣ್ಣೆದುರೇ ಅಪ್ಪನನ್ನು ಬಡಿದು ಕೊಂದಿದ್ದರು. ಆಮೇಲೆ ಜಡಿದ ಹಲಗೆಯನ್ನು ಯಾರೂ ಮುಟ್ಟಿರಲಿಲ್ಲ. ಗುದ್ದಕ್ಕ ಒಮ್ಮೆ ಬಾಯಿಬಿಟ್ಟು ಕೇಳಿದ್ದಕ್ಕೆ ಕೆನ್ನೆಗೆ ಬಿತ್ತು.

“ಇನ್ನೊಂದ್ಸಲ ಕಿಟಕಿ ಅಂದ್ರೆ ಹಲ್ಲು ಉದುರಿಸ್ತೀನಿ!”

ಆದರೆ ನಿದ್ದೆ ಸಾಲ ಕೊಟ್ಟವನಿಗಿಂತ ಕೆಟ್ಟದ್ದು, ಕೊಡದಿದ್ದರೆ ಎಲ್ಲೆಂದರಲ್ಲಿ ಹಿಡಿದು ವಸೂಲು ಮಾಡುತ್ತದೆ. ಒಂದು ದಿನ ಅಡಿಗಲ್ಲಿನ ಮುಂದೆ ನಿಂತಲ್ಲೇ ಅವಳ ರೆಪ್ಪೆ ಅಂಟಿತು. ಕಮ್ಮಾರ ಟಕಟಕ ಎನಿಸಿ, ಕಬ್ಬಿಣದ ಮೇಲಿನ ಕಿಟ್ಟವನ್ನು ಸುತ್ತಿಗೆಯಿಂದ ಸವರಲು ಕೈ ಚಾಚಿದ. ಅವಳು ಎತ್ತಿದ್ದ ಸಮ್ಮಟಿಗೆ ಇಳಿದೇ ಬಿಟ್ಟಿತು.

ಎರಡು ಬೆರಳು ಜಜ್ಜಿಹೋದವು. ಕೆಂಪಗೆ ಕಾದ ಕಬ್ಬಿಣದ ಮೇಲೆ ರಕ್ತ ಚುರ್ರೆಂದಿತು. ಕಮ್ಮಾರ ಊಳಿಟ್ಟು, ಇನ್ನೊಂದು ಕೈಯಲ್ಲಿದ್ದ ಇಕ್ಕಳವನ್ನೇ ಬೀಸಿದ. ಅವಳ ಹುಬ್ಬು ಸೀಳಿತು.

“ಕೊಂದೇ ಬಿಡ್ತಿದ್ಯಲ್ಲೇ, ರಾಕ್ಷಸಿ!”

ನಾದಿನಿ ಓಡಿಬಂದು ಇಬ್ಬರಿಗೂ ಪಟ್ಟಿ ಕಟ್ಟಿದಳು. “ಇವತ್ತು ಬೆರಳು. ನಾಳೆ ತಲೆಬುರುಡೆ ಅಣ್ಣ, ನೋಡ್ಕೋ.”

“ಅವಳ ಮುಟ್ಟು ನಿಂತ್ರೆ ನನ್ನ ಬೆರಳು ಯಾಕೆ ಹೋಗ್ಬೇಕು?”

“ಅವಳ ನಿದ್ದೆ ನೀನು ಮೊಳೆ ಹೊಡ್ದು ಕೂಡಿಹಾಕಿದ್ದಕ್ಕೆ,” ಎಂದು ನಾದಿನಿ ಚೀಲ ಎತ್ತಿಕೊಂಡು ಹೋದಳು.

ಸಂಜೆಯಾಗುತ್ತಿತ್ತು. ಗುದ್ದಕ್ಕ ಸಮ್ಮಟಿಗೆ ಹೊತ್ತು ಕೋಣೆಗೆ ನಡೆದಳು. ಕಮ್ಮಾರ ಓಡಿಹೋಗಿ ಹಲಗೆಗೆ ಬೆನ್ನು ಕೊಟ್ಟು ನಿಂತ.

“ತೆಗೆದ್ರೆ ಇಲ್ಲೊಂದು ಹೆಣ ಬೀಳತ್ತೆ!”

“ತೆಗೀದಿದ್ರೂ ಬೀಳತ್ತೆ. ನಿಂದೇ. ಸರಿಯೋ ಪಕ್ಕಕ್ಕೆ!”

ಮದುವೆಯಾದಂದಿನಿಂದ ‘ರೀ’ ಎನ್ನುತ್ತಲೇ ಬಂದಿದ್ದ ಬಾಯಿ ಅದು. ಅವನು ಅವಳ ಜುಟ್ಟಿಗೆ ಕೈಹಾಕಿ ಎಳೆದ. ಕೂದಲು ಕಿತ್ತು ಬಂತು. ಅವಳು ಸಮ್ಮಟಿಗೆಯ ಹಿಡಿಯಿಂದ ಅವನ ಎದೆಗೆ ತಿವಿದಳು. ಅವನು ಮೂಲೆಗೆ ಬಿದ್ದ. ಮೊದಲ ಏಟಿಗೆ ಹಲಗೆ ಬಿರಿಯಿತು. ಎರಡನೆಯದಕ್ಕೆ ಸೀಳುಗಳು ಹಾರಿ ಗೋಡೆಗೆ ನಾಟಿದವು. ಚೌಕಟ್ಟೂ ಕಿತ್ತು ಬರುವವರೆಗೆ ಅವಳು ಹೊಡೆಯುತ್ತಲೇ ಇದ್ದಳು.

ತಣ್ಣನೆಯ ಗಾಳಿ ಒಳಗೆ ಬಂತು. ಪಟ್ಟಿ ನೆನೆಸಿ ಹುಬ್ಬಿನಿಂದ ಇಳಿದ ರಕ್ತ ಒರೆಸಿಕೊಳ್ಳದೆ, ಹಲಗೆಯ ಚೂರುಗಳ ನಡುವೆ ಬರಿನೆಲದಲ್ಲಿ ಉರುಳಿಕೊಂಡವಳು ಮತ್ತೆ ಕಣ್ಣು ಬಿಟ್ಟಾಗ ಬೆಳಗಾಗಿತ್ತು.

ಕಮ್ಮಾರ ತೆರೆದ ಕಿಟಕಿಯ ಕೆಳಗೆ, ಸುತ್ತಿಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕಣ್ಣು ಕೆಂಡ.

“ಯಾರೂ ಬರ್ಲಿಲ್ಲ,” ಎಂದ.

ಅವಳು ಎದ್ದು ಅವನ ಕೈಯಿಂದ ಸುತ್ತಿಗೆ ಬಿಡಿಸಿಕೊಂಡಳು. “ಈ ಕಿಟಕಿಗೆ ಕಂಬಿ ಹೊಡ್ದು ಕೂರಿಸ್ಬೋದಿತ್ತಲ್ಲ. ಊರಿಗೆಲ್ಲ ಹೊಡ್ದು ಕೊಟ್ಟಿದ್ದೀರಿ.”

“ಇದ್ರ ಹತ್ರ ಬಂದ್ರೆ ಅಪ್ಪನ ಕೂಗೇ ಕೇಳಿಸ್ತಿತ್ತು ಕಣೇ.”

“ನಾನೇ ಹೊಡ್ದು ಕೂರಿಸ್ತೀನಿ. ಇಕ್ಕಳ ಹಿಡಿಯೋದಕ್ಕೆ ಪಕ್ಕದಂಗಡಿಯವನನ್ನ ಕರೀತೀನಿ.”

“ನಾನೇ ಹಿಡೀತೀನಿ. ಒಂದು ಕೈ ಇದೆಯಲ್ಲ.”

“ಈ ಕಣ್ಣಿಟ್ಕೊಂಡಾ? ನಿದ್ದೆಗೆಟ್ಟವರನ್ನ ಅಡಿಗಲ್ಲಿನ ಹತ್ರ ಬಿಟ್ಕೊಳ್ಳಲ್ಲ ನಾನು. ಮಲಗಿ,” ಎಂದು ಬಾಗಿಲು ಎಳೆದುಕೊಂಡು ಅವಳು ಕುಲುಮೆ ಹೊತ್ತಿಸಲು ಹೋದಳು.