ಈರಬಸಪ್ಪನಿಗೆ ತಡೆಯುವ ವಾಯರು

ಕ್ಯಾಮೆರಾದ ಮೊದಲ ವಾಯರು ರಂಟಿಗೆ ಸಿಕ್ಕು ಹರಿಯಿತು ಎಂದರು ಈರಬಸಪ್ಪನವರು. ಊರು ನಂಬಿತು, ನಾನು ನಂಬಲಿಲ್ಲ. ನೆಲ ಉಳುವ ರಂಟಿ ಓಡಬೇಕಾದದ್ದು ಹೊಲದಲ್ಲಿ. ವಾಯರು ಇದ್ದದ್ದು ಕೆರೆಗೆ ಹೋಗುವ ಗಾಡಿದಾರಿಯಲ್ಲಿ. ವರ್ಷಕ್ಕೊಂದು ಸಾಲು ಒತ್ತುತ್ತ ಬಂದು ಅರ್ಧ ದಾರಿಯನ್ನೇ ನುಂಗಿದ ಮನುಷ್ಯ ಅವರು.

ನಮ್ಮೂರಿಗೆ ಕುಡಿಯಲು ಆ ಕೆರೆಯೊಂದೇ. ಬೋರು ಕೊರೆದರೆ ಉಪ್ಪುನೀರು. ಅಂಥ ಕೆರೆಗೆ ಯಾರೋ ಪಂಪು ಇಳಿಸಿ ಮೆಣಸಿನ ಹೊಲಕ್ಕೆ ನೀರು ಒಯ್ಯುತ್ತಿದ್ದರು. ಪಂಚಾಯ್ತಿ ಸದಸ್ಯಳಾದ ನಾನು, ಸುಮಂಗಲಾ, ಜಗಳ ತೆಗೆದು ಕೆರೆದಂಡೆಗೆ ಕ್ಯಾಮೆರಾ ಹಾಕಿಸಿದೆ. ಗಾಡಿದಾರಿಯಲ್ಲಿ ವಾಯರು ಹೂಳಿಸಿದ ಮೇಲೆ ಪಂಚಾಯ್ತಿಯ ಟಿವಿಯಲ್ಲಿ ಕೆರೆ ಕಾಣತೊಡಗಿತು. ನಾನು ಯಾರ ಹೆಸರನ್ನೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಮೊದಲು ಎದ್ದು ಕೂಗಾಡಿದ್ದು ಈರಬಸಪ್ಪನವರೇ. ವಾಯರು ಹರಿದ ದಿನವೇ ಪಂಪು ಮತ್ತೆ ಶುರುವಾಯಿತು.

ನವಲಗುಂದದ ತಮ್ಮ ಅಂಗಡಿಯಲ್ಲಿ ಬಾಬಾಸಾಬ ಕಾಕಾ ಎರಡು ತುಂಡು ವಾಯರು ಮುಂದಿಟ್ಟರು.

"ಇಷ್ಟು ದೂರಕ್ಕ ತಾಮ್ರದ ವಾಯರು ನಡಿಯೂದಿಲ್ಲವಾ, ಚಿತ್ರ ದಾರ್ಯಾಗ ಸಾಯ್ತೈತಿ. ಫೈಬರ್ರ ಬೇಕು. ಇದು ನೀ ಮೊದಲ ಒಯ್ದಿದ್ದು, ಸಾದಾ. ಇದಕ್ಕ ಉಕ್ಕಿನ ಕವಚ ಐತಿ. ತುಟ್ಟಿ ಖರೆ, ಆದ್ರ ಎರಿ ನೆಲ ಬಿರಿದು ಎಳದ್ರೂ ತಡೀತೈತಿ, ಇಲಿ ಕಡದ್ರೂ ತಡೀತೈತಿ."

"ಈರಬಸಪ್ಪಗ ತಡೀತೈತೇನ್ರಿ ಕಾಕಾ?"

ಕಾಕಾ ನಕ್ಕರು. "ಅದನ್ನ ಕಂಪನ್ಯಾವ್ರು ಬರದಿಲ್ಲ. ಹಾಕಿ ನೋಡಿ ನೀನ ಹೇಳು."

ಪಂಚಾಯ್ತಿಯಲ್ಲಿ ಎಲ್ಲರೂ, "ಅಗ್ಗದ್ದ ಹಾಕೂಣು, ಹರದ್ರ ಮತ್ತೊಂದು ತರೂಣು" ಎಂದರು.

"ಹಂಗಂದ್ರ ಕಳ್ಳನ ಕೈಯಾಗ ಕೀಲಿ ಕೊಟ್ಟಂಗ ಆತಲ್ರಿ!" ಎಂದು ಮೇಜು ಗುದ್ದಿದೆ. ಕವಚದ್ದನ್ನೇ ತಂದು, ಅದೇ ದಾರಿಯಲ್ಲಿ, ರಂಟಿ ಮುಟ್ಟದಷ್ಟು ಆಳದಲ್ಲಿ ಹೂಳಿಸಿದೆ. ಇನ್ನು ರಂಟಿಯ ನೆವ ನಡೆಯುವಂತಿರಲಿಲ್ಲ.

ಯುಗಾದಿ ಮುಗಿದ ಮೇಲೆ ಒಂದು ಮಧ್ಯಾಹ್ನ ಈರಬಸಪ್ಪನವರು ಗುದ್ದಲಿ, ಗರಗಸ ಹಿಡಿದು ತಾವೇ ಬಂದರು. ಆಳುಗಳು ಒಲ್ಲೆ ಎಂದಿದ್ದರು. ಆಳುಗಳ ಮನೆಯ ಕೊಡಗಳೂ ಅದೇ ಕೆರೆಯಲ್ಲಿ ತುಂಬಬೇಕಲ್ಲ. ನೀರು ಹೊತ್ತು ಬರುತ್ತಿದ್ದ ನಾನು ಕೊಡ ಇಳಿಸಿ ದಾರಿಯಲ್ಲೇ ಕುಳಿತೆ.

"ಇದು ನನ್ನ ಹೊಲಾ. ಏಳ ಮ್ಯಾಲೆ."

"ನಿಮ್ಮ ಹೊಲಾ ಇದ್ರ ಅಗೀರಿ. ದಾರಿ ಊರಿಂದು, ನಾ ಕುಂತಿರ್ತೀನಿ."

ಅಗೆದರು. ಬಿಸಿಲಿಗೆ ಎರೆಮಣ್ಣು ಕಲ್ಲಾಗಿತ್ತು. ವಾಯರು ಸಿಕ್ಕಿದೊಡನೆ ಗರಗಸ ಹಚ್ಚಿದರು. ಉಕ್ಕು ಕಿರುಗುಟ್ಟಿತು, ಗರಗಸದ ಹಲ್ಲು ಮುರಿಯಿತು. ಖಾಲಿ ಕೊಡ ಹಿಡಿದು ಕೆರೆಗೆ ಹೊರಟಿದ್ದ ಹೆಂಗಸರು ಸುತ್ತ ನಿಂತರು. ಅಷ್ಟರಲ್ಲಿ ಪಂಚಾಯ್ತಿ ಕಡೆಯಿಂದ ತಾಯವ್ವ ಓಡಿ ಬಂದಳು: "ಚಿತ್ರ ಇನ್ನೂ ಬರಾಕತ್ತೈತಿ ಬೇ, ಸುಮಂಗಲಾ!" ಸುಳ್ಳು ಯಾಕೆ ಹೇಳಲಿ, ಮಗ ಹುಟ್ಟಿದಾಗಲೂ ನನಗೆ ಅಷ್ಟು ಸಂತೋಷ ಆಗಿರಲಿಲ್ಲ.

ಈರಬಸಪ್ಪನವರ ತುಟಿ ಒಣಗಿತ್ತು. ನೀರಿದ್ದದ್ದು ನನ್ನ ಕೊಡದಲ್ಲಿ ಮಾತ್ರ. ನಮ್ಮ ಜಾತಿಯವರ ಕೈನೀರನ್ನು ಅವರ ಮನೆತನದಲ್ಲಿ ಯಾರೂ ಮುಟ್ಟಿದವರಲ್ಲ. ಕೊಡದ ಬಾಯಿಗೆ ಮುಚ್ಚಿದ್ದ ತಂಬಿಗೆ ತುಂಬಿ ಅವರ ಮುಂದೆ ಹಿಡಿದೆ.

"ಕೆರಿ ನೀರ್ರಿ. ನಿಮ್ಮ ಮೆಣಸಿನ ಗಿಡಾ ಬೇಕಾದಷ್ಟು ಕುಡದಾವ, ನೀವೂ ಕುಡೀರಿ."

ಅವರು ತಂಬಿಗೆ ನೋಡಿದರು, ಹೆಂಗಸರನ್ನು ನೋಡಿದರು. ನಾನು ಕೈ ಹಿಂದೆ ತೆಗೆಯಲಿಲ್ಲ.

"ಅಂಜಬ್ಯಾಡ್ರಿ," ಎಂದೆ. "ಕ್ಯಾಮೆರಾ ಕೆರಿ ಕಡೆ ಅಷ್ಟ ನೋಡತೈತಿ."