ಸುಮ್ಮನೆ ಇಟ್ಟ ಹೆಸರು

ನ್ಯಾಮತಿಯ ಕಾಲೇಜಿನಲ್ಲಿ ಪಾಠ ಮಾಡುವ ಕಲ್ಲೇಶನಿಗೆ ಎರಡು ಚಟ. ಒಂದು, ಅಂತರ್ಜಾಲದಲ್ಲಿ ತಾನೊಬ್ಬನೇ ನಡೆಸುವ ‘ಅಗಸೆ’ ಎಂಬ ಪತ್ರಿಕೆ. ಇನ್ನೊಂದು, ಬೇರೆಯವರು ಬರೆದದ್ದನ್ನು ತಿದ್ದುವುದು. ಮೊದಲನೆಯದನ್ನು ಊರು ಸಹಿಸಿಕೊಂಡಿತ್ತು. ಎರಡನೆಯದು ಒಂದು ದಿನ ಅವನ ಮುಖಕ್ಕೇ ಮಸಿ ಬಳಿಯುತ್ತದೆಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಆ ಮಾತನ್ನೂ ಅವನು ತಿದ್ದುತ್ತಿದ್ದ.

ಅಗಸೆ ಅಂದರೆ ಊರಬಾಗಿಲು. ಮಾಧ್ಯಮ, ಸಂಸ್ಕೃತಿ, ತಂತ್ರಜ್ಞಾನದ ಬಗ್ಗೆ ಕನ್ನಡದಲ್ಲಿ ಬರೆದ ಲೇಖನಗಳು ಅಲ್ಲಿ ಎಲ್ಲರಿಗೂ ಪುಕ್ಕಟೆ. ಜಾಹೀರಾತಿಲ್ಲ, ವಿಶ್ವವಿದ್ಯಾಲಯದ ಹಂಗಿಲ್ಲ. ಪ್ರತಿ ಲೇಖನದ ಅಡಿಯಲ್ಲೂ ‘ಯಾರು ಬೇಕಾದರೂ ಓದಿ, ನಕಲು ಮಾಡಿ, ಹಂಚಿ’ ಎಂಬ ಸಾಲು. ಚನ್ನಗಿರಿಯಲ್ಲಿ ನಡೆದ ವಿಚಾರಸಂಕಿರಣದಲ್ಲಿ ಆ ಸಾಲನ್ನೇ ವಚನದ ಹಾಗೆ ಹೇಳಿ ಚಪ್ಪಾಳೆ ಗಿಟ್ಟಿಸಿದ್ದ.

ಆ ಸಂಕಿರಣದಲ್ಲಿ ಸಿಕ್ಕವಳು ಮಮತಾ. ಜಗಳೂರಿನ ಆಚೆಯ ಹಳ್ಳಿಯವಳು, ಸಂಶೋಧನೆ ಮಾಡುತ್ತಿದ್ದಳು. ತನ್ನ ಕಡೆಯ ಹೆಂಗಸರು ಫೋನನ್ನು ಹೇಗೆ ಬಳಸುತ್ತಾರೆಂದು ಒಂದು ಲೇಖನ ಬರೆದುಕೊಟ್ಟಳು. ಅದರ ನಡುವೆ ಒಬ್ಬ ವಿಧವೆಯ ಸಂಗತಿ ಇತ್ತು. ಹಾಡು ಹೇಳಿ ಕಳಿಸುವ ಆ್ಯಪ್ ಒಂದರಲ್ಲಿ ಪರಿಚಯವಾದ, ಒಮ್ಮೆಯೂ ಮುಖ ನೋಡದ ಗಂಡಸೊಬ್ಬ ಆಕೆಗೆ ದಿನಾ ಸಂಜೆ ಫೋನ್ ಮಾಡಿ "ಊಟ ಆಯ್ತಾ?" ಅನ್ನುತ್ತಿದ್ದ. ಹಾಗೆ ಕೇಳುವವರು ಮನೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ಆಕೆ ಆ ಫೋನಿಗಾಗಿ ಕಾಯುತ್ತಿದ್ದಳು. ಅಷ್ಟೇ. ಮಮತಾ ಆಕೆಯನ್ನು ಉದ್ದಕ್ಕೂ ‘ಒಬ್ಬ ಹೆಣ್ಣುಮಗಳು’ ಎಂದೇ ಬರೆದಿದ್ದಳು.

ಕಲ್ಲೇಶನ ಕೈ ಸುಮ್ಮನಿದ್ದೀತೆ? "ಹೆಸರಿಲ್ಲದ ಮನುಷ್ಯರು ಓದೋರ ಮನಸ್ಸಿಗೆ ನಾಟಲ್ಲ ಕಣಮ್ಮ," ಅಂದ.

"ನಿಜವಾದ ಹೆಸರು ನಾನು ಹೇಳಾಕಿಲ್ಲ ಸರ್. ಮಾತು ಕೊಟ್ಟೀನಿ."

"ನಿಜದ್ದು ಯಾರಿಗೆ ಬೇಕು? ನಾನೇ ಒಂದು ಇಡ್ತೀನಿ."

"ಬ್ಯಾಡ ಸರ್, ಹಂಗೇ ಇರ್ಲಿ," ಅಂದಳು. ಅವನು ಕೇಳಲಿಲ್ಲ. ಆ ಸೀಮೆಯ ಹೆಸರಿನಂತೆ ಕೇಳಿಸಬೇಕು, ನಾಲಿಗೆಗೂ ಚೆಂದ ಇರಬೇಕು ಎಂದು ಟೀ ಕುಡಿಯುತ್ತಾ ಯೋಚಿಸಿ ‘ಬಂಗಾರಮ್ಮ’ ಎಂದು ಇಟ್ಟ. ಕೂಸಿಗೆ ಹೆಸರಿಡುವವರಾದರೂ ಹತ್ತು ಜನರನ್ನು ಕೇಳುತ್ತಾರೆ. ಇವನು ಬರೆದವಳನ್ನೂ ಕೇಳಲಿಲ್ಲ.

ಲೇಖನ ಹೊರಬಂದು ವಾರ ಕಳೆದಿರಲಿಲ್ಲ, ಮಮತಾ ಫೋನ್ ಮಾಡಿದಳು.

"ಸರ್, ನಮ್ಮ ಓಣಿಯಾಗೆ ಬಂಗಾರಮ್ಮ ಅಂತ ಒಬ್ರು ಅದಾರೆ. ಅವರೂ ಗಂಡ ಇಲ್ಲದೋರು."

ಲೇಖನದಲ್ಲಿ ಊರಿನ ಹೆಸರಿರಲಿಲ್ಲ, ನಿಜ. ಆದರೆ ಮೇಲೆ ಮಮತಾಳ ಹೆಸರಿತ್ತಲ್ಲ. ಅವಳ ಊರು ಯಾವುದೆಂದು ಆ ಸೀಮೆಗೆಲ್ಲ ಗೊತ್ತು. ಯಾರೋ ಅದನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಇನ್ಯಾರೋ ಗಟ್ಟಿಯಾಗಿ ಓದಿ, ಹಿಂದೆ ಸಂಗೀತ ಸೇರಿಸಿ, ವಿಡಿಯೊ ಮಾಡಿದರು. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಬಂಗಾರಮ್ಮ ಬೀದಿಗೆ ಬಂದರೆ ಸಾಕು, ಹೋಟೆಲಿನ ಕಟ್ಟೆಯಿಂದ "ಊಟ ಆಯ್ತಾ ಬಂಗಾರಮ್ಮಾ?" ಎಂಬ ಕೂಗು, ಹಿಂದೆಯೇ ನಗು. ಆಕೆ ಕೆಲಸಕ್ಕೆ ಹೋಗುವುದನ್ನೇ ಬಿಟ್ಟಳು. ಅಳಿಯ ಬಂದು ಆಕೆಯ ಫೋನ್ ಕಿತ್ತುಕೊಂಡು ಹೋದ. ಇಂಥ ಮನೆಗೆ ಇನ್ನು ಹೆಂಡತಿಯನ್ನು ಕಳಿಸುವುದಿಲ್ಲ ಎಂದೂ ಹೇಳಿಹೋದ.

ಕಲ್ಲೇಶ ಲೇಖನವನ್ನು ತೆಗೆದುಹಾಕಿದ. ಅದರಿಂದ ಏನೂ ಆಗಲಿಲ್ಲ. ನಕಲು ಮಾಡಿದವರಿಗೆಲ್ಲ ಬರೆದು ಬೇಡಿಕೊಂಡ. "ಹಂಚಿ ಅಂತ ನೀವೇ ಹಾಕಿದೀರಲ್ಲ ಸಾರ್?" ಎಂದು ಅವರಲ್ಲೊಬ್ಬ ಉತ್ತರ ಕೊಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ತರಗತಿಯಲ್ಲಿ ಎಷ್ಟು ಸಲ ವಿವರಿಸಿದ್ದನೋ! ಈಗ ಅವನಿಗೆ ತನ್ನ ಪತ್ರಿಕೆಯನ್ನು ತೆರೆದು ನೋಡಲೂ ನಾಚಿಕೆಯಾಗುತ್ತಿತ್ತು.

ಭಾನುವಾರ ಹೊನ್ನಾಳಿಯಲ್ಲಿ ಒಮ್ಮೆ, ದಾವಣಗೆರೆಯಲ್ಲಿ ಒಮ್ಮೆ ಬಸ್ಸು ಬದಲಿಸಿ ಜಗಳೂರಿಗೆ ಹೋದ. ಕ್ಷಮೆ ಕೇಳುವ ಮಾತುಗಳನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡ. ಅಲ್ಲಿಂದ ಮಮತಾ ಸ್ಕೂಟಿಯಲ್ಲಿ ಕರೆದುಕೊಂಡು ಹೋದಳು.

ಬಂಗಾರಮ್ಮ ಮೊರ ಮುಂದಿಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದಳು. ಬನ್ನಿ ಅನ್ನಲಿಲ್ಲ. ಆದರೂ ಎದ್ದು ಚಾಪೆ ಹಾಸಿದಳು, ಚೊಂಬಿನಲ್ಲಿ ನೀರು ತಂದಿಟ್ಟಳು. ಕಲ್ಲೇಶ ಒಂದು ಗುಟುಕು ಕುಡಿದು ಚೊಂಬು ಕೆಳಗಿಟ್ಟ.

"ತಪ್ಪಾತಮ್ಮ. ಅದು ಸುಮ್ಮನೆ ಇಟ್ಟ ಹೆಸರು, ನಿಮ್ಮದಲ್ಲ ಅಂತ ಪತ್ರಿಕೆಯಾಗೆ ಹಾಕ್ತೀನಿ. ವಿಡಿಯೊ ಮಾಡಿನೂ ಹೇಳ್ತೀನಿ."

"ಬ್ಯಾಡ ಸರ್," ಮಮತಾ ತಡೆದಳು. "ಹಂಗಾರೆ ನಿಜವಾದೋರು ಯಾರು ಅಂತ ಮನೆ ಮನೆ ಹುಡುಕಾಕೆ ನಿಲ್ತಾರೆ. ನಾನು ಯಾರ್ಯಾರ ಮನೆಯಾಗೆ ಕುಂತು ಮಾತಾಡ್ಸಿದ್ದೆ ಅಂತ ಎಲ್ರಿಗೂ ಗೊತ್ತೈತೆ."

"ಇನ್ನೊಬ್ಬಾಕಿನ ಬೀದಿಗೆ ಎಳೀರಿ ಅಂತ ನಾನೂ ಹೇಳಲ್ಲ," ಅಂದಳು ಬಂಗಾರಮ್ಮ. "ನನ್ ಮಗಳು ಮನೀಗೆ ಬರಂಗಾಗ್ಲಿ. ಅದಕ್ಕೇನು ಮಾಡ್ತೀರಿ, ಹೇಳ್ರಿ."

ಕೊಡಲು ಏನೂ ಇಲ್ಲದವರು ಹೇಳುವ ಸಮಾಧಾನವನ್ನೇ ಕಲ್ಲೇಶನೂ ಹೇಳಿದ. "ಅಮ್ಮಾ, ಒಂಟಿ ಹೆಣ್ಣುಮಗಳು ಫೋನಿನಾಗೆ ಯಾರ ಜತೆಗೋ ನಾಕು ಮಾತಾಡಿದ್ರೆ ತಪ್ಪೇನೈತೆ? ಅದರಾಗೆ ನಾಚಿಕೆಪಡೋ ಅಂಥದ್ದು ಏನೂ ಇಲ್ಲ. ಜನ ತಿಳ್ಕೊಬೇಕು."

ಬಂಗಾರಮ್ಮನ ಕೈ ನಿಂತಿತು.

"ನಿಮ್ಮ ತಾಯಿ ಅದಾರೇನ್ರಿ ಮೇಷ್ಟ್ರೇ?"

"ಅದಾರೆ. ನ್ಯಾಮತಿಯಾಗೆ, ನನ್ನ ಜತೆಗೇ."

"ತಂದೆ?"

"ಹೋಗಿ ಬಾಳ ವರ್ಷ ಆತು."

"ತಾಯೀದು ಹೆಸರೇನು?"

"ಅಜ್ಜಮ್ಮ."

"ಹಂಗಾರೆ ಹಿಂಗೆ ಮಾಡ್ರಿ. ಹೆಸರು ತಪ್ಪಾಗಿ ಬಿದ್ದೈತೆ, ಆಯಮ್ಮ ಈ ಕಡೆಯಾಕಿನೇ ಅಲ್ಲ, ನ್ಯಾಮತಿ ಅಜ್ಜಮ್ಮ ಅಂತ ಹಾಕ್ರಿ. ಆವಾಗ ಇಲ್ಲಿ ಯಾರೂ ಯಾರನ್ನೂ ಹುಡುಕಾಕಿಲ್ಲ. ನನ್ ಮಗಳೂ ಬರ್ತಾಳೆ. ನಾಚಿಕೆಪಡೋದು ಏನೂ ಇಲ್ಲ ಅಂದ್ರಲ್ಲ."

ಆ ಮಾತಿನಲ್ಲಿ ಕೊಂಕಿರಲಿಲ್ಲ. ದಾರಿ ಕಂಡ ಖುಷಿಯಲ್ಲಿ ಆಕೆ ಮಮತಾಳ ಕಡೆ ನೋಡಿದಳು. "ಆಗ್ತೈತೆ ಸರ್," ಎಂದು ಮಮತಾ ಮೆಲ್ಲಗೆ ಹೇಳಿದಳು. ಆಗುತ್ತಿತ್ತು. ಕಲ್ಲೇಶನಿಗೂ ಅದು ಗೊತ್ತಾಯಿತು. ಭಜನೆ ಮಂಡಳಿಯ ಹೆಂಗಸರ ನಡುವೆ ತಾಳ ಹಿಡಿದು ಕೂತ ಅವ್ವ ಕಣ್ಣಿಗೆ ಕಟ್ಟಿದಳು. ಆ ಹೆಂಗಸರೆಲ್ಲರ ಕೈಯಲ್ಲೂ ಫೋನು. ಹೂಂ ಅನ್ನಬೇಕೆಂದೇ ಅವನು ಬಾಯಿ ತೆರೆದ.

"ನಮ್ಮವ್ವ ಅಂಥಾಕಿ ಅಲ್ಲಮ್ಮ," ಅಂದುಬಿಟ್ಟ.

ಅಂದವಳು ತಾನೇ ಎಂಬಂತೆ ಮಮತಾ ತಲೆ ತಗ್ಗಿಸಿದಳು. ಭೂಮಿ ಬಾಯಿಬಿಟ್ಟಿದ್ದರೆ ಕಲ್ಲೇಶ ಅಲ್ಲೇ ಇಳಿದುಹೋಗುತ್ತಿದ್ದ. ಬಂಗಾರಮ್ಮ ಅವನನ್ನು ನೋಡಿದಳು.

"ನಾನು ಅಂಥಾಕಿ ಏನ್ರಿ?" ಎಂದು ಕೇಳಿದಳು. ಉತ್ತರಕ್ಕೆ ಕಾಯದೆ, ಮೊರ ಎತ್ತಿಕೊಂಡು ಒಳಗೆ ಹೋದಳು.